ಪಿಯುಸಿ ಓದೋ ಮಗ ರಾತ್ರಿ ಒಂದು ಗಂಟೆ ಆದ್ರೂ ಮಲಗಲ್ಲ, ಚಾಟಿಂಗ್ ಬೇರೆ, ಏನ್ ಮಾಡ್ಲಿ?

ನೀವು ಕೇಳಿರೋದು ಇಷ್ಟು: ಮಗ ಸೆಕೆಂಡ್ ಪಿಯುಸಿ ಸೈನ್ಸ್, ರಾತ್ರಿ 1 ಆದ್ರೂ ರೂಮಿನ ಲೈಟ್ ಆರಲ್ಲ, ಬೆಳಗ್ಗೆ 6ರ ಟ್ಯೂಷನ್‌ಗೆ ಎಬ್ಬಿಸೋಕೆ ದಿನಾ ಯುದ್ಧ, ಮೊಬೈಲಲ್ಲಿ ಯಾವ್ದೋ ಹುಡುಗಿ ಜೊತೆ ಚಾಟಿಂಗ್ ನಡೀತಿದೆ, ಬೈದ್ರೆ ಬಾಗಿಲು ಹಾಕ್ಕೊಳ್ತಾನೆ. ನಾನು ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡ್ತೀನಿ, ಮನೇಲೂ ಇದೇ ವಯಸ್ಸಿನ ಮಗಳಿದಾಳೆ. ಫಸ್ಟ್ ಪೀರಿಯಡ್‌ನಲ್ಲಿ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡೋ ಮಕ್ಕಳನ್ನ ನೋಡಿ ನೋಡಿ ಹೊಟ್ಟೆ ಉರಿಯುತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ಮೊದ್ಲು ಇದನ್ನ ನಂಬಿ, ನಿಮ್ಮ ಮಗ ಸೋಮಾರಿ ಅಲ್ಲ. ಮಕ್ಕಳು ದೊಡ್ಡವರಾಗೋ ವಯಸ್ಸಲ್ಲಿ ಮೈಯೊಳಗಿನ ಗಡಿಯಾರನೇ ಹಿಂದಕ್ಕೆ ಜರುಗುತ್ತೆ. ಕತ್ತಲಾದ್ಮೇಲೆ ಮೆದುಳು ಮೆಲಟೋನಿನ್ ಅನ್ನೋ ಹಾರ್ಮೋನ್ ಬಿಡುತ್ತಲ್ಲ, 'ಇನ್ನು ರಾತ್ರಿ ಆಯ್ತು' ಅಂತ ಮೈಗೆ ಹೇಳೋದು ಅದೇ, ಈ ವಯಸ್ಸಲ್ಲಿ ಅದು ಚಿಕ್ಕ ಮಕ್ಕಳಿಗಿಂತ ಒಂದೆರಡು ಗಂಟೆ ತಡವಾಗಿ ಏರುತ್ತೆ. ಜೊತೆಗೆ ದಿನವೆಲ್ಲ ಎಚ್ಚರ ಇದ್ದು ಇದ್ದು ನಿದ್ದೆಯ ಒತ್ತಡ ಜಮಾ ಆಗುತ್ತಲ್ಲ, ಅದೂ ಇವರಲ್ಲಿ ನಿಧಾನ. ಅಮೆರಿಕದ ಬ್ರೌನ್ ಯೂನಿವರ್ಸಿಟಿಯ ಮೇರಿ ಕಾರ್ಸ್ಕಾಡನ್ ಅನ್ನೋ ವಿಜ್ಞಾನಿ ದಶಕಗಳಿಂದ ಇದನ್ನೇ ಸ್ಟಡಿ ಮಾಡಿದಾರೆ. ಅಂದ್ರೆ 9 ಗಂಟೆಗೆ ಹೋಗಿ ಮಲ್ಕೋ ಅಂತ ಕಳಿಸಿದ್ರೆ ಆ ಹುಡುಗ ಮಲಗ್ತಾನೆ ಅಷ್ಟೆ, ನಿದ್ದೆ ಬರಲ್ಲ, ನಿದ್ದೆ ಬರದೇ ಹೊರಳಾಡೋನ ಕೈ ಮೊಬೈಲಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ ಹೇಳಿ.

ಈಗ ಒಂದು ಸಣ್ಣ ಲೆಕ್ಕ ಹಾಕಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲೇ ಹೇಳಿದೆ. 6ರ ಟ್ಯೂಷನ್ ಅಂದ್ರೆ 5:15ಕ್ಕಾದ್ರೂ ಏಳ್ಬೇಕು, ಕಡಿಮೆ ಅಂದ್ರೂ 8 ಗಂಟೆ ಆಗ್ಬೇಕು ಅಂದ್ರೆ ರಾತ್ರಿ 9:15ಕ್ಕೆ ಗಾಢ ನಿದ್ದೇಲಿರ್ಬೇಕು. ಅವನ ಮೈಗೆ ನಿದ್ದೆ ಹತ್ತೋದೇ ಹತ್ತೂವರೆ ಹನ್ನೊಂದಕ್ಕೆ. ಈ ಲೆಕ್ಕ ಮೊಬೈಲ್ ಇಲ್ದೆ ಇದ್ರೂ ಕೂಡಲ್ಲ. ಅದಕ್ಕೇ ನಾನು ಹೇಳೋದು, ರಾತ್ರಿ ಜಗಳ ನಿಲ್ಲಿಸಿ, ಬೆಳಗಿನ ಕಡೆಯಿಂದ ಶುರು ಮಾಡಿ.

ನಮ್ಮಲ್ಲಿ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದ್ರೆ ತಲೆಗೆ ಹತ್ತುತ್ತೆ ಅಂತ ಅಜ್ಜಿ ತಾತನಿಂದ ಹಿಡಿದು ಟ್ಯೂಷನ್ ಸರ್ ತನಕ ಎಲ್ರೂ ಹೇಳ್ತಾರೆ. ನಮ್ಮ ಅಜ್ಜಿ ಕಾಲದಲ್ಲಿ ರಾತ್ರಿ ಎಂಟಕ್ಕೆ ಊಟ ಮುಗಿಸಿ ದೀಪ ಆರಿಸ್ತಿದ್ರು, 4ಕ್ಕೆ ಏಳೋದು ಸರಿ ಇತ್ತು. ಈಗ ಹನ್ನೊಂದೂವರೆಗೆ ಮಲಗಿದ ಹುಡುಗನ್ನ 4ಕ್ಕೆ ಎಬ್ಬಿಸಿದ್ರೆ ಅವನಿಗೆ ನಷ್ಟ ಆಗೋದು ಬರೀ ಗಂಟೆಗಳಲ್ಲ. ಕನಸು ಬೀಳೋ ಆರ್‌ಇಎಂ ನಿದ್ದೆ ಹೆಚ್ಚಾಗಿ ಬರೋದು ರಾತ್ರಿಯ ಕೊನೇ ಭಾಗದಲ್ಲಿ, ಮನಸ್ಸು ಹದಕ್ಕೆ ಬರೋದಕ್ಕೂ ಕಲಿತದ್ದು ನಿಲ್ಲೋದಕ್ಕೂ ಅದು ಬೇಕು, ನಾವು ಕತ್ತರಿಸಿ ಬಿಸಾಕ್ತಿರೋದು ಸರಿಯಾಗಿ ಅದನ್ನೇ. ಮಗ ಸುಮ್ಸುಮ್ನೆ ಸಿಡುಕ್ತಾನೆ ಅಂತೀರಲ್ಲ, ಅರ್ಧ ಕಾರಣ ಇಲ್ಲೇ ಇರ್ಬೋದು.

'ಬೆಳಗ್ಗೆ ತಡ ಮಾಡಿದ್ರೆ ರಾತ್ರಿ ಇನ್ನೂ ತಡವಾಗಿ ಮಲಗ್ತಾರೆ ಅಷ್ಟೆ' ಅಂತ ತುಂಬಾ ಪೇರೆಂಟ್ಸ್ ವಾದ ಮಾಡ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿ 2016ರಲ್ಲಿ ಹೈಸ್ಕೂಲುಗಳ ಟೈಮಿಂಗ್‌ನ 7:50ರಿಂದ 8:45ಕ್ಕೆ ಬದಲಾಯಿಸಿದ್ರು, ಮಕ್ಕಳ ಕೈಗೆ ವಾಚ್ ಥರದ್ದು ಕಟ್ಟಿ ಅಳೆದು ನೋಡಿದಾಗ ದಿನಾ ಸುಮಾರು 34 ನಿಮಿಷ ನಿದ್ದೆ ಜಾಸ್ತಿ ಸಿಕ್ಕಿತ್ತು. ಕ್ಯಾಲಿಫೋರ್ನಿಯಾದಲ್ಲಂತೂ 2022ರಿಂದ ಹೈಸ್ಕೂಲು 8:30ಕ್ಕಿಂತ ಮುಂಚೆ ಶುರು ಮಾಡ್ಬಾರ್ದು ಅಂತ ಕಾನೂನೇ ಇದೆ, ಹಳ್ಳಿಗಾಡಿನ ಕೆಲವು ಶಾಲೆಗಳನ್ನ ಬಿಟ್ಟು. ನಮ್ಮಲ್ಲಿ ಕಾಲೇಜ್ ಟೈಮ್ ಅಷ್ಟು ಕೆಟ್ಟದಾಗಿಲ್ಲ, ಮಕ್ಕಳನ್ನ ಕೊಲ್ತಿರೋದು ಅದಕ್ಕೂ ಮುಂಚಿನ ಟ್ಯೂಷನ್. ದಯವಿಟ್ಟು ಸಂಜೆ ಬ್ಯಾಚ್‌ಗೆ ಹಾಕಿ. ಸಂಜೆ ಬ್ಯಾಚ್ ಇಲ್ಲ ಅಂದ್ರೆ ಆ ಸಬ್ಜೆಕ್ಟಿಗೆ ಟ್ಯೂಷನ್ ಬೇಕಾ ಅಂತ ಮಗನ್ನೇ ಕೇಳಿ, ಎಷ್ಟೋ ಸಲ ಅವರಿಗೆ ಬೇಕಾಗಿರಲ್ಲ, ಫ್ರೆಂಡ್ಸ್ ಹೋಗ್ತಾರೆ ಅಂತ ಹೋಗ್ತಿರ್ತಾರೆ. ಇನ್ನೊಂದು, ನೀಟ್ ಶುರು ಆಗೋದು ಮಧ್ಯಾಹ್ನ 2ಕ್ಕೆ. ಸಿಇಟಿ ಪೇಪರ್‌ಗಳು ಬೆಳಗ್ಗೆ ಹತ್ತೂವರೆಗೊಂದು, ಮಧ್ಯಾಹ್ನ ಎರಡೂವರೆಗೊಂದು. ತಲೆ ಚುರುಕಾಗಿ ಓಡ್ಬೇಕಾಗಿರೋದು ಆ ಹೊತ್ತಲ್ಲಿ, ಬೆಳಗಿನ ಜಾವ 4ಕ್ಕಲ್ಲ.

ಏಳೋ ಟೈಮ್ ಒಂದು ಫಿಕ್ಸ್ ಮಾಡಿ, ಆರೂವರೆ ಅಂತಿಟ್ಕೊಳ್ಳಿ, ಎದ್ದ ತಕ್ಷಣ ಟೆರೇಸಿಗೋ ಬಾಲ್ಕನಿಗೋ ಹಾಲು ತರೋಕೋ ಹೊರಗೆ ಕಳಿಸಿ, ಹದಿನೈದಿಪ್ಪತ್ತು ನಿಮಿಷ ಬಯಲ ಬೆಳಕಲ್ಲಿರ್ಲಿ. ಮನೆಯ ಟ್ಯೂಬ್‌ಲೈಟ್ ಕೆಳಗೆ ಬೆಳಕು ನೂರಿನ್ನೂರು ಲಕ್ಸ್ (ಬೆಳಕು ಅಳೆಯೋ ಮಾನ) ಇದ್ರೆ ಮೋಡ ಮುಚ್ಚಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತೆ, ಕಣ್ಣಿನ ಮೂಲಕ ಹೋಗೋ ಆ ಬೆಳಕೇ ಒಳಗಿನ ಗಡಿಯಾರನ ಮುಂದಕ್ಕೆ ತಳ್ಳೋದು, ಆವಾಗ ರಾತ್ರಿ ನಿದ್ದೆ ತಾನಾಗೇ ಬೇಗ ಬರೋಕೆ ಶುರುವಾಗುತ್ತೆ. ಮೊದಲ ವಾರ ಏನೂ ಗೊತ್ತಾಗಲ್ಲ, ಬಿಡ್ಬೇಡಿ. ಭಾನುವಾರ ಒಂದು ಗಂಟೆ ಜಾಸ್ತಿ ಮಲಗಲಿ, ಹನ್ನೊಂದರ ತನಕ ಬೇಡ, ಹಾಗೆ ಮಲಗಿದ್ರೆ ಸೋಮವಾರ ಮತ್ತೆ ಮೊದಲಿಂದ ಶುರು ಮಾಡಿದ ಹಾಗೆ. ಮಲಗೋ ಟೈಮನ್ನೂ ಒಂದೇ ಏಟಿಗೆ ತುಂಬಾ ಬೇಗ ಮಾಡ್ಬೇಡಿ, ಎರಡ್ಮೂರು ದಿನಕ್ಕೆ ಹದಿನೈದು ನಿಮಿಷ ಬೇಗ ಅನ್ನೋ ಹಾಗೆ ಸರಿಸಿದ್ರೆ ಸಾಕು. ಕಾಲೇಜಿಂದ ಬಂದ್ಮೇಲೆ ಸುಸ್ತಾಗಿದ್ರೆ ಇಪ್ಪತ್ತು ನಿಮಿಷ ಅಡ್ಡಾಗ್ಲಿ ಪರ್ವಾಗಿಲ್ಲ, 7ರ ತನಕ ಮಲಗಿದ್ರೆ ಮಾತ್ರ ರಾತ್ರಿ ಕೆಟ್ಟ ಹಾಗೇನೇ. ಮತ್ತೆ ಕಾಫಿ. ಅದ್ರಲ್ಲಿರೋ ಕೆಫೀನ್ ಅರ್ಧಕ್ಕೆ ಇಳಿಯೋಕೇ ಸುಮಾರು 5 ಗಂಟೆ ಬೇಕು, ಸಂಜೆ 6ಕ್ಕೆ ಸ್ಟ್ರಾಂಗ್ ಆಗಿ ಒಂದು ಲೋಟ ಕುಡಿದ್ರೆ ರಾತ್ರಿ 11ಕ್ಕೂ ಅರ್ಧ ಮೈಯಲ್ಲಿರುತ್ತೆ, ಓದೋ ಹುಡುಗ ಅಂತ ಪ್ರೀತಿಯಿಂದ 9ಕ್ಕೆ ಮಾಡ್ಕೊಡೋ ಕಾಫಿನ ನಿಲ್ಲಿಸ್ಬಿಡಿ, ಹಾಲು ಕೊಡಿ.

ಮೊಬೈಲ್ ಕಿತ್ಕೋಬೇಡಿ, ಕಿತ್ಕೊಂಡ್ರೆ ಕದ್ದು ನೋಡ್ತಾನೆ. ಮನೇಲಿ ಎಲ್ರ ಫೋನೂ, ಅಪ್ಪಂದೂ ಸೇರಿ, ಹತ್ತೂಕಾಲಿಗೆ ಹಾಲ್‌ನಲ್ಲಿ ಚಾರ್ಜಿಗೆ ಹಾಕೋದು ಅಂತ ಮಾಡಿ, ಅಲಾರಂಗೆ ಒಂದು ಟೈಂಪೀಸ್ ತನ್ನಿ. ಅಪ್ಪ ಹಾಸಿಗೇಲಿ ರೀಲ್ಸ್ ನೋಡ್ತಾ ಮಗನಿಗೆ ಬುದ್ಧಿ ಹೇಳಿದ್ರೆ ಯಾವ ಮಗ ಕೇಳ್ತಾನೆ?

ಇನ್ನು ಆ ಹುಡುಗಿ ವಿಷಯ. ನೀವು ಎರಡು ಸಮಸ್ಯೆ ಅಂತ ಬರ್ದಿದೀರಿ, ನನ್ನ ಪ್ರಕಾರ ಎರಡೂ ಒಂದಕ್ಕೊಂದು ಅಂಟ್ಕೊಂಡಿವೆ. ಕ್ಲಾಸಿನ ಮಕ್ಕಳು ನಂಬಿಕೆಯಿಂದ ಹೇಳ್ಕೊಂಡಿದ್ದರಿಂದ ನಂಗೆ ಅರ್ಥ ಆಗಿರೋದು ಏನಂದ್ರೆ, ರಾತ್ರಿ ಹನ್ನೆರಡೂವರೆಗೆ ಇಬ್ರಿಗೂ ನಿದ್ದೆ ಎಳೀತಿರುತ್ತೆ, ಆದ್ರೆ ಮೊದ್ಲು ಬೈ ಹೇಳಿದವರಿಗೆ ಇಂಟರೆಸ್ಟ್ ಕಡಿಮೆ ಅಂತ ಅರ್ಥ ಆಗ್ಬಿಡುತ್ತೇನೋ ಅನ್ನೋ ಭಯ, ಬ್ಲೂ ಟಿಕ್ ಬಂದು ರಿಪ್ಲೈ ಮಾಡ್ಲಿಲ್ಲ ಅಂದ್ರೆ ಇನ್ನೊಂದು ಭಯ. ಒಬ್ಬ ಹುಡುಗ ಅವಳಿಗೆ ಇಷ್ಟ ಅಂತ ತನಗೆ ಒಂಚೂರೂ ರುಚಿಸದ ಸೀರೀಸ್‌ನ ರಾತ್ರಿಯೆಲ್ಲ ಕೂತು ನೋಡ್ತಿದ್ದ, ಮಾರನೇ ದಿನ ಅದ್ರ ಬಗ್ಗೆ ಮಾತಾಡ್ಬೇಕಲ್ಲ ಅಂತ. ಪಾಪ ಅನ್ಸುತ್ತೆ. ಈ ನಾಟಕ ಸಾಕ್ಕೊಂಡು ಹೋಗೋದಕ್ಕೇ ಅರ್ಧ ರಾತ್ರಿ ಖರ್ಚಾಗ್ತಿದೆ.

ಅದಕ್ಕೇ ನಿಮ್ಮ ಮಗನ ಹತ್ರ ಬೈಗುಳ ಇಲ್ದೆ, ಮುಖ ನೋಡದೇ ಮಾತಾಡೋ ಅಂಥ ಹೊತ್ತಲ್ಲಿ, ಸ್ಕೂಟರ್‌ನಲ್ಲಿ ಹಿಂದೆ ಕೂತಿರುವಾಗಲೋ ಸೊಪ್ಪು ಬಿಡಿಸುವಾಗಲೋ ಹೇಳಿ: 'ನೋಡು ಮಗಾ, ಅವಳು ಯಾರು ಏನು ಅಂತ ನಾನು ಕೆದಕಲ್ಲ. ನಿದ್ದೆ ಬಂದ್ರೆ ನಿದ್ದೆ ಬಂತು, ಹತ್ತೂವರೆಗೆ ಮಲಗ್ತೀನಿ, ನಾಳೆ ಮಾತಾಡೋಣ ಅಂತ ನೇರವಾಗಿ ಹೇಳು. ನಿಂಗೆ ಇಷ್ಟ ಇಲ್ದಿರೋದನ್ನ ಇಷ್ಟ ಅನ್ಬೇಡ. ಅಷ್ಟಕ್ಕೇ ಮುನಿಸ್ಕೊಂಡು ಹೋಗೋ ಸ್ನೇಹ ಆದ್ರೆ ಅದು ನೀನು ಹಾಕ್ಕೊಂಡಿರೋ ವೇಷದ ಜೊತೆಗಿನ ಸ್ನೇಹ, ನಿನ್ನ ಜೊತೆಗಿಂದಲ್ಲ.' ಅವಳಿಗೂ ಮಾರನೇ ದಿನ ಕಾಲೇಜಿದೆ, ಅವಳಮ್ಮನೂ ಎಬ್ಬಿಸೋಕೆ ಒದ್ದಾಡ್ತಿರ್ತಾರೆ, ಅದನ್ನೂ ಹೇಳಿ. ನಿದ್ದೆಗೆಟ್ಟ ತಲೆಗೆ ದುಡುಕು ಜಾಸ್ತಿ, ಸಣ್ಣ ಮಾತನ್ನೂ ತಪ್ಪಾಗಿ ತಗೊಳ್ಳೋದು ಜಾಸ್ತಿ, ಮಕ್ಕಳ ಜಗಳಗಳು, ಬ್ಲಾಕ್ ಮಾಡೋದು, ಕಳಿಸ್ಬಾರ್ದ ಫೋಟೋ ಕಳಿಸಿ ಆಮೇಲೆ ಅಳೋದು, ನನ್ನ ಕಿವಿಗೆ ಬಿದ್ದಿರೋವೆಲ್ಲ ಬಹುತೇಕ ನಡುರಾತ್ರಿಯವೇ. ಹಗಲು ಕ್ಯಾಂಟೀನಲ್ಲಿ ಹತ್ತು ನಿಮಿಷ ಎದುರು ಕೂತು ಮಾತಾಡಿದ್ರೆ ಒಬ್ಬರನ್ನೊಬ್ಬರು ಇನ್ನೂ ಚೆನ್ನಾಗಿ ತಿಳ್ಕೋತಾರೆ. ನೀವು ಮಾತ್ರ ಅವನ ಚಾಟ್ ಕದ್ದು ಓದ್ಬೇಡಿ, ಅವನಿಂದ ನಿಜ ಬಯಸೋರು ನಾವೇ ಕಳ್ಳತನ ಮಾಡಿದ್ರೆ ಆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚುತ್ತೆ.

ಇಷ್ಟೆಲ್ಲ ಮಾಡಿ ಒಂದು ತಿಂಗಳಾದ್ರೂ ಏನೂ ಬದಲಾಗಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಿ. ಜೋರಾಗಿ ಗೊರಕೆ ಹೊಡೀತಾನಾ, ಮಲಗಿದಾಗ ಕಾಲು ಸುಮ್ನಿರದೆ ಎಳೆದಾಡಿಸೋ ಹಾಗಾಗುತ್ತಾ ಗಮನಿಸಿ, ಎರಡನೇದಕ್ಕೆ ಎಷ್ಟೋ ಸಲ ಐರನ್ ಕಡಿಮೆ ಇರೋದು ಕಾರಣ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಅಂಗಡೀಲಿ ಸಿಗೋ ಮೆಲಟೋನಿನ್ ಗಮ್ಮೀಸ್ ನೀವಾಗೇ ಕೊಡ್ಬೇಡಿ. ಊಟ ಸೇರ್ತಿಲ್ಲ, ಯಾವುದ್ರಲ್ಲೂ ಆಸಕ್ತಿ ಇಲ್ಲ, ಸಾಯೋ ಮಾತು ಆಡ್ತಾನೆ ಅಂದ್ರೆ ಒಂದು ದಿನವೂ ಕಾಯ್ಬೇಡಿ, 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡ್ಬೋದು. ಮೊಬೈಲ್ ಚಟನೇ ಕೈಮೀರಿದೆ ಅನ್ಸಿದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೇ ಅಂತ ಶಟ್ ಕ್ಲಿನಿಕ್ ಇದೆ.

ಟ್ಯೂಷನ್ ಸರ್ ಹತ್ರ ಬ್ಯಾಚ್ ಬದಲಾಯಿಸೋಕೆ ಕೇಳುವಾಗ ಒಬ್ರೇ ಹೋಗ್ಬೇಡಿ, ಅದೇ ಬ್ಯಾಚಿನ ಇನ್ನಿಬ್ರು ಅಮ್ಮಂದಿರನ್ನ ಕರ್ಕೊಂಡು ಹೋಗಿ. ಒಬ್ರು ಕೇಳಿದ್ರೆ ಆಗಲ್ಲ ಅಂತಾರೆ, ಮೂರು ಜನ ಕೇಳಿದ್ರೆ ಸಂಜೆ ಐದೂವರೆಗೆ ಹೊಸ ಬ್ಯಾಚೇ ಶುರು ಮಾಡ್ತಾರೆ.