ಕನ್ನಡ ಪುಸ್ತಕದ ಪಿಡಿಎಫ್ ಇಳಿಸಿಕೊಂಡರೆ ಲೇಖಕರಿಗೆ ನಿಜವಾಗಿ ನಷ್ಟವಾಗುತ್ತಾ?

ವಿರಾಜಪೇಟೆಯಲ್ಲಿ ಬೇಕಾದ ಪುಸ್ತಕ ಸಿಗಲ್ಲ, ಟೆಲಿಗ್ರಾಂನಲ್ಲಿ ಪುಕ್ಕಟೆ ಪಿಡಿಎಫ್ ಇದೆ, ನಾನೊಬ್ಬ ಇಳಿಸಿಕೊಂಡರೆ ಯಾರಿಗೇನು ನಷ್ಟ ಅಂತ ಕೇಳಿದ್ದೀರಿ. ನಾನು ಸೋಮವಾರಪೇಟೆ ಕಡೆಯವನು. ಕೈಯಿಂದ ದುಡ್ಡು ಹಾಕಿ ಪುಸ್ತಕ ತಂದ ಗೆಳೆಯರೊಬ್ಬರ ಲೆಕ್ಕ ಬರೆದು ಅಭ್ಯಾಸ ಇರುವುದರಿಂದ ಮೊದಲು ಲೆಕ್ಕವನ್ನೇ ಹೇಳ್ತೀನಿ.

ತೋಟದಿಂದ ಒಂದು ಚೀಲ ಕಾಫಿ ಕದ್ದರೆ ಯಜಮಾನರಿಗೆ ಒಂದು ಚೀಲ ಕಮ್ಮಿ. ಪಿಡಿಎಫ್ ವಿಷಯ ಹಾಗಲ್ಲ, ಒಪ್ತೀನಿ. ಇಳಿಸಿಕೊಂಡವರೆಲ್ಲ ಕೊಳ್ಳುತ್ತಿದ್ದರು ಅನ್ನುವುದೂ ಸುಳ್ಳು. 200 ರೂಪಾಯಿ ಪುಸ್ತಕಕ್ಕೆ ಶೇ. 10 ಗೌರವಧನ ಅಂತಿಟ್ಟುಕೊಳ್ಳಿ, ಸಿಗುವುದು 20 ರೂಪಾಯಿ. ಅದರಲ್ಲಿ ಯಾವ ಲೇಖಕರ ಮನೆಯೂ ನಡೆಯಲ್ಲ.

ಪೆಟ್ಟು ಬೀಳುವುದು ಎರಡನೇ ಮುದ್ರಣಕ್ಕೆ. ಕನ್ನಡದಲ್ಲಿ ಎಷ್ಟೋ ಪುಸ್ತಕ ಅಚ್ಚಾಗುವುದೇ 500 ಅಥವಾ 1000 ಪ್ರತಿ. ಅಚ್ಚಿನ ಖರ್ಚು, ಅಂಗಡಿಯವರ ಕಮಿಷನ್ ಎಲ್ಲ ಕಳೆದು ಪ್ರಕಾಶಕರ ಕೈಗೆ ನಾಲ್ಕು ಕಾಸು ಬರುವುದು ಕೊನೆಯ ನೂರಿನ್ನೂರು ಪ್ರತಿ ಖರ್ಚಾದಾಗ. ಕೊಳ್ಳುವ ಮನಸ್ಸಿದ್ದ ಐವತ್ತು ಜನ ಪಿಡಿಎಫ್‌ಗೆ ಹೋದರೂ ಮರುಮುದ್ರಣದ ಆಸೆ ಮುಗಿಯಿತು. ಆಮೇಲೆ ನಾವೇ 'ಪುಸ್ತಕ ಸಿಗ್ತಿಲ್ಲ, ಪಿಡಿಎಫ್ ಇದ್ರೆ ಕಳ್ಸಿ' ಅಂತೀವಿ! ನಮ್ಮ ಕೊಡಗಿನ ಆಡುಮಾತುಗಳಾದ ಕೊಡವ ತಕ್ಕ್, ಅರೆಭಾಷೆ ಪುಸ್ತಕಗಳಿಗಂತೂ ಓದುಗರೇ ಕಮ್ಮಿ. ಅಲ್ಲಿ ಹತ್ತು ಪ್ರತಿಯೂ ದೊಡ್ಡ ಮಾತು.

ಇಮ್ಕೆ ರೈಮರ್ಸ್ ಎಂಬ ಅರ್ಥಶಾಸ್ತ್ರಜ್ಞೆ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಳ್ಳಪ್ರತಿಗಳನ್ನು ತೆಗೆಸಿದಾಗ ಇ-ಪುಸ್ತಕಗಳ ಮಾರಾಟ ಸುಮಾರು ಶೇ. 14 ಏರಿತು. ಲಾಭ ಹೆಚ್ಚಾಗಿ ಹೆಸರು ಮಾಡಿದವರಿಗೆ. ಹೊಸಬರಿಗೆ ಕಳ್ಳಪ್ರತಿಯೂ ಪ್ರಚಾರ ಅನ್ನುವ ವಾದ ಹುಟ್ಟುವುದು ಇಲ್ಲೇ. ಇಂಗ್ಲಿಷಿನ ದೊಡ್ಡ ಮಾರುಕಟ್ಟೆಯಲ್ಲಿ ಇರಬಹುದು. ನಮ್ಮಲ್ಲಿ ಪ್ರಚಾರ ಸಿಕ್ಕ ಮೇಲೆ ಕೊಳ್ಳಲು ಅಂಗಡಿಯಲ್ಲಿ ಪುಸ್ತಕ ಉಳಿದಿರಬೇಕಲ್ಲ?

ಕಾನೂನು ಚುಟುಕಾಗಿ: 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಂ ಪ್ರಕಾರ, ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ ಮೂರು ವರ್ಷದವರೆಗೆ ಜೈಲಾಗಬಹುದು. ಒಬ್ಬ ಓದುಗನ ಮನೆಗೆ ಪೊಲೀಸರು ಬರುವುದು ಕಷ್ಟ. ಆದರೆ ಗ್ರೂಪಿಗೆ ಹಾಕಿ ಹಂಚುವವರ ಮೇಲೆ ನನಗೆ ಕನಿಕರವಿಲ್ಲ. ಚಾನೆಲ್ಲಿಗೆ ಜನ ಸೇರಿಸಿ ಜಾಹೀರಾತಿನಲ್ಲಿ ದುಡಿದುಕೊಂಡು 'ಕನ್ನಡ ಸೇವೆ' ಅನ್ನುವವರೂ ಇದ್ದಾರೆ.

ಎಲ್ಲ ಪಿಡಿಎಫ್ ಕಳ್ಳಮಾಲಲ್ಲ. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕು ಮುಗಿಯುತ್ತೆ. ನಮ್ಮ ಕೊಡಗಿನ ಗೌರಮ್ಮ ಹೋಗಿದ್ದು 1939ರಲ್ಲಿ, ಅವರ ಕತೆಗಳನ್ನು ಧಾರಾಳವಾಗಿ ಇಳಿಸಿಕೊಳ್ಳಿ. ಸರ್ಕಾರದ ಕಣಜ, ಭಾರತವಾಣಿ ಜಾಲತಾಣಗಳಲ್ಲೂ ಪುಕ್ಕಟೆ ಓದಲು ಬೇಕಾದಷ್ಟಿದೆ. ಹಕ್ಕು ಇನ್ನೂ ಇದ್ದು ಇಪ್ಪತ್ತು ವರ್ಷದಿಂದ ಎಲ್ಲೂ ಸಿಗದ ಪುಸ್ತಕವಾದರೆ? ಕಾನೂನು ಬೇಡ ಅನ್ನುತ್ತೆ, ನಾನು ಮಾತ್ರ ನಿಮ್ಮನ್ನು ಕಳ್ಳ ಅನ್ನಲ್ಲ. ಅದಕ್ಕೂ ಮೊದಲು ಪ್ರಕಾಶಕರಿಗೊಂದು ಫೋನ್ ಮಾಡಿ. ಎಷ್ಟೋ ಸಲ ಗೋಡೌನಿನಲ್ಲಿ ಹಳೆಯ ಪ್ರತಿ ಬಿದ್ದಿರುತ್ತೆ, ಅಂಚೆಯಲ್ಲಿ ಕಳಿಸ್ತಾರೆ. ಜೂನ್, ಜುಲೈ ಆದರೆ ಪ್ಲಾಸ್ಟಿಕ್ ಸುತ್ತಿ ಕಳಿಸಿ ಅಂತ ಮರೆಯದೆ ಹೇಳಿ, ಬಯಲುಸೀಮೆಯವರಿಗೆ ನಮ್ಮ ಮಳೆ ಗೊತ್ತಿರಲ್ಲ.