ತೇಪೆ ಹಾಕಿದವರು, ಟೋಪಿ ಹಾಕಿದವರು

ಸ್ಟಟ್‌ಗಾರ್ಟ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: ಎರಡನೆಯ ಮಹಾಯುದ್ಧ ಕಾಲದ ಜರ್ಮನ್ ವೈಮಾನಿಕರ ಬಲೆ ಟೋಪಿಯೊಂದನ್ನು, ಎಲ್‌ಕೆಪಿಎನ್ 101 ಮಾದರಿಯದನ್ನು, ಸಂತೆಯಲ್ಲಿ ಕೊಂಡೆ. ಕಿವಿಯ ಬಳಿ ಬೇರೆ ಚರ್ಮದ ತೇಪೆಯಿದೆ. ಪರಿಚಿತ ವ್ಯಾಪಾರಿ ‘ಮಾರ್ಪಾಡಾದದ್ದು, ಬೆಲೆಯಿಲ್ಲ’ ಎಂದು ತೇಪೆಯಿಲ್ಲದ, ಪ್ರಮಾಣಪತ್ರವಿರುವ ಇನ್ನೊಂದನ್ನು ತೋರಿಸುತ್ತಿದ್ದಾನೆ. ಬದಲಾಯಿಸಿಕೊಳ್ಳಲೇ?

ಖಂಡಿತ ಬೇಡ. ವ್ಯಾಪಾರಿಯ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಬಿಡಿಭಾಗಗಳನ್ನು ಜೋಡಿಸಿ ‘ಯುದ್ಧಕಾಲದಲ್ಲೇ ಆದ ಮಾರ್ಪಾಡು’ ಎಂದು ಸಾಗಹಾಕುವವರಿದ್ದಾರೆ, ಅಷ್ಟನ್ನು ಒಪ್ಪಿದೆ. ಆದರೆ ತೇಪೆ ಕಂಡ ಕೂಡಲೇ ಮೂಗು ಮುರಿಯುವ ಸಂಗ್ರಾಹಕರನ್ನು ಕಂಡರೆ ನನಗೆ ರೇಗುತ್ತದೆ. ಸೆಕೆಗೆಂದು ನೆತ್ತಿಗೆ ಬಲೆ, ಕಿವಿಗೆ ಚರ್ಮ ಹೊದಿಸಿದ ಹೆಡ್‌ಫೋನ್, ಗಂಟಲಿಗೆ ಜೋಡಿ ಮೈಕ್ ಇಟ್ಟ ಟೋಪಿ ಅದು. ಬೆವರು ಕುಡಿದು, ಎಳೆದಾಡಿಸಿಕೊಂಡು ಬಾಳಿದ್ದು ಹರಿಯದೆ ಇರುತ್ತದೆಯೇ? ಹರಿದರೆ ಯಾರಾದರೂ ಹೊಲಿಯಲೇಬೇಕಲ್ಲ.

ತೇಪೆಯನ್ನು ಭೂತಗನ್ನಡಿ ಹಿಡಿದು ನೋಡಿ. ಹಳೆಯ ಹೊಲಿಗೆಯ ಖಾಲಿ ತೂತುಗಳ ಪಕ್ಕದಲ್ಲಿ ಹೊಸ ಸಾಲು ಓಡಿದೆಯೇ? ದಾರ ಚರ್ಮದಲ್ಲಿ ಹುದುಗಿ ಅದರ ಬಣ್ಣಕ್ಕೇ ತಿರುಗಿದೆಯೇ? ಗುಂಡಿಯ ಹಸಿರು ಕಿಲುಬು ತೇಪೆಯ ಮೇಲೂ ಅದೇ ಜಾಗದಲ್ಲಿ ಕಲೆ ಮಾಡಿದೆಯೇ? ಹೌದಾದರೆ ತೇಪೆ ಟೋಪಿಯ ಜೊತೆಗೇ ಬಾಳಿದ್ದು. ಬೆರಳು ತಾಗದ ಮೂಲೆಯೂ ಸಮನಾಗಿ ಸವೆದಿದ್ದರೆ ಮಾತ್ರ ಅದು ಮರಳು ಕಾಗದದ ಕೈವಾಡ. ನೇರಳಾತೀತ ದೀಪ ಹಿಡಿದರೆ ಯುದ್ಧಾನಂತರದ ಎಷ್ಟೋ ದಾರಗಳು ನೀಲಿಯಾಗಿ ಹೊಳೆದು ಗುಟ್ಟು ಬಿಟ್ಟುಕೊಡುತ್ತವೆ. ಆದರೆ ತಾವು ‘ಸೋಪಿನ ಪುಡಿಯಲ್ಲಿ ಚೆನ್ನಾಗಿ ತೊಳೆದಿಟ್ಟಿದ್ದೇನೆ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ! ಬಟ್ಟೆ ಬೆಳ್ಳಗೆ ಕಾಣಲೆಂದು ಆ ಪುಡಿಗೆ ಬೆರೆಸುವ ಹೊಳಪುಕಾರಕ ಹಳೆಯ ದಾರವನ್ನೂ ಹೊಳೆಯಿಸಿಬಿಡುತ್ತದೆ. ಕೊಳೆ ಕಂಡಲ್ಲಿ ಬಕೆಟ್ಟಿಗೆ ಕೈ ಹಾಕುವ ಈ ಚಪಲ ನಮ್ಮವರಿಗೆ ಎಲ್ಲಿ ಹೋದರೂ ಬಿಡದು.

ಇನ್ನು ಪ್ರಮಾಣಪತ್ರ. ನಿಮ್ಮ ಸ್ಟಟ್‌ಗಾರ್ಟ್‌ನಲ್ಲೇ ಇಂಥ ವಸ್ತುಗಳ ವ್ಯಾಪಾರ ನಡೆಸಿದ್ದ ಕೊನ್ರಾಡ್ ಕುಯೌ, ಮೊದಲ ಮಹಾಯುದ್ಧದ ಅಸಲಿ ಹೆಲ್ಮೆಟ್ಟಿಗೆ ‘1917ರಲ್ಲಿ ಹಿಟ್ಲರ್ ಇದನ್ನು ಧರಿಸಿದ್ದ’ ಎಂದು ಹಿಟ್ಲರನ ಸಹಚರ ರುಡಾಲ್ಫ್ ಹೆಸ್ ಹೆಸರಿನ ಚೀಟಿ ಬರೆದು ಲಗತ್ತಿಸಿದ್ದ. ಹೆಲ್ಮೆಟ್ ಅಸಲಿ, ಚೀಟಿ ನಕಲಿ. ಬೆಲೆ ಬಂದದ್ದು ಚೀಟಿಗೆ! ಇದೇ ಮಹಾಶಯ ಬರೆದ ಹಿಟ್ಲರ್ ದಿನಚರಿಗಳಿಗೆ ‘ಷ್ಟೆರ್ನ್’ ಪತ್ರಿಕೆ 93 ಲಕ್ಷ ಮಾರ್ಕ್ ಸುರಿಯಿತು. ಕೈಬರಹದ ತಜ್ಞರು ಸೈ ಎಂದಿದ್ದರು. 1983ರಲ್ಲಿ ಅವನ ಬಣ್ಣ ಬಯಲು ಮಾಡಿದ್ದು ಕಾಗದದಲ್ಲಿದ್ದ, ಯುದ್ಧಾನಂತರವಷ್ಟೇ ಕಾಗದಕ್ಕೆ ಬೆರೆಸತೊಡಗಿದ ಹೊಳಪುಕಾರಕವೇ.

ಆದರೂ ಚೀಟಿಯ ಮೋಹ ತಗ್ಗಿಲ್ಲ. ಆ ಯುದ್ಧದ ಜರ್ಮನ್ ಹೈಂಕೆಲ್ 111 ಬಾಂಬರ್‌ನಲ್ಲಿ ಸಾಮಾನ್ಯವಾಗಿ ಐವರಿರುತ್ತಿದ್ದರು, ಪೈಲಟ್ ಒಬ್ಬನೇ. ಮಾರುಕಟ್ಟೆ ನೋಡಿದರೆ ಗನ್ನರ್‌ಗೂ ರೇಡಿಯೊ ನಿರ್ವಾಹಕನಿಗೂ ತಲೆಯೇ ಇರಲಿಲ್ಲವೇನೋ ಎನಿಸುತ್ತದೆ. ಪತ್ರವಿರುವ ಟೋಪಿಗಳೆಲ್ಲ ಹೆಸರಾಂತ ಫೈಟರ್ ಪೈಲಟ್‌ಗಳವೇ! ಹಿಟ್ಲರನ ವಾಯುಪಡೆಯ ವೀರರಿಗೆ ಆರತಿ ಎತ್ತುವ ಈ ಚಾಳಿಯೇ ಖೋಟಾ ಪತ್ರಗಳಿಗೆ ಬಂಡವಾಳ. ತೇಪೆ ಹೊಲಿದವನ ಹೆಸರಿಗೆ ಪ್ರಮಾಣಪತ್ರ ಬರೆಯುವವರಿಲ್ಲ, ಬರೆದರೂ ಕೊಳ್ಳುವವರಿಲ್ಲ.

ಟೋಪಿ ನಿಮ್ಮಲ್ಲೇ ಇರಲಿ. ಒಳಗಿನ ಲೇಬಲ್ ನಿಮ್ಮ ತೊಳೆತಕ್ಕೆ ಸಿಕ್ಕೂ ಉಳಿದಿದ್ದರೆ ಅದರ ಚಿತ್ರ ಕಳುಹಿಸಿ.

— ಸಂ.