ನಡುವೆ ಹೊಳೆ, ಆಚೆ ದಡ ಮಹಾರಾಷ್ಟ್ರ

ದಾವಣಗೆರೆಯ ಓದುಗರೊಬ್ಬರು ಬೆಳಗಾವಿ ಜಿಲ್ಲೆ ಕಾಗವಾಡ ತಾಲ್ಲೂಕಿನ ಜುಗೂಳದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದ್ದಾರೆ. ಅಲ್ಲಿ ಕೃಷ್ಣಾ ನದಿಯೇ ರಾಜ್ಯದ ಗಡಿಯೇ? ಆಚೆ ದಡದ ಖಿದ್ರಾಪುರದ ಗುಡಿ ಮಹಾರಾಷ್ಟ್ರದಲ್ಲಿದ್ದರೂ ಅದರ ಶಾಸನಗಳು ಕನ್ನಡದಲ್ಲಿ ಯಾಕಿವೆ? ಊರಲ್ಲಿ ಹನಿ ಮಳೆ ಬೀಳದ ದಿನವೂ ಹೊಳೆ ಉಕ್ಕಿ ಬರುತ್ತದಲ್ಲ, ಯಾಕೆ? ಆಚೆ ದಡದ ನೆಂಟರ ಹೊಲದ ಉತಾರದಲ್ಲಿ (ಪಹಣಿಯಲ್ಲಿ) ‘0.80’ ಎಂದಿದೆ, ಅದು ಎಷ್ಟು ಎಕರೆ?

ಮೊದಲಿನದಕ್ಕೆ ಉತ್ತರ: ಜುಗೂಳದ ಮುಂದೆ ಹೌದು, ಎಲ್ಲ ಕಡೆ ಅಲ್ಲ. ಜುಗೂಳದ ದಡದಲ್ಲಿ ನಿಂತರೆ ಎದುರಿಗೆ ಕಾಣುವುದು ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಖಿದ್ರಾಪುರ. ಅಲ್ಲಿಂದ ಹೊಳೆಯ ಜೊತೆ ಕೆಳಗೆ ಇಳಿದು ಯಡೂರ, ಕಲ್ಲೋಳಕ್ಕೆ ಬರುವ ಹೊತ್ತಿಗೆ ಎರಡೂ ದಡ ಕರ್ನಾಟಕದವೇ. ಪಶ್ಚಿಮದಿಂದ ಬರುವ ದೂಧಗಂಗಾ ಆ ಭಾಗದಲ್ಲೇ ಕೃಷ್ಣೆಯನ್ನು ಸೇರುತ್ತದೆ. ಎರಡು ಹೊಳೆಗಳ ನಡುವಿನ ಶಿರೋಳದ ನೆಲ ಬೆಣೆ ಹೊಡೆದಂತೆ ನಮ್ಮ ಜಿಲ್ಲೆಯೊಳಗೆ ಚಾಚಿಕೊಂಡಿದೆ. ನಕಾಶೆಯಲ್ಲಿ ಗಡಿಗೆರೆ ಇಲ್ಲಿ ಯಾಕಿಷ್ಟು ಸೊಟ್ಟಗಿದೆ ಎಂದು ಕೇಳುವವರಿಗೆ ಆ ಬೆಣೆಯೇ ಉತ್ತರ.

ಈ ಗೆರೆಗೆ ಇನ್ನೂ ನೂರು ವರ್ಷವಾಗಿಲ್ಲ. ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತ್ಯದೊಳಗೆ ಬಂತು. ಬೆಳಗಾವಿ ಜಿಲ್ಲೆ ಮೊದಲಿಂದಲೂ ಅದರಲ್ಲೇ ಇತ್ತು. ಹಾಗಾಗಿ 1956ರ ನವೆಂಬರ್ 1ರವರೆಗೆ ಎರಡೂ ದಡದವರು ಒಂದೇ ರಾಜ್ಯದವರು. ಮಹಾಜನ ಆಯೋಗ (1966ರಲ್ಲಿ ರಚನೆ, 1967ರಲ್ಲಿ ವರದಿ), 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹಾಕಿದ ದಾವೆ, ಇವೆಲ್ಲ ಓದುಗರಿಗೆ ಗೊತ್ತಿದ್ದದ್ದೇ. ದಡದ ಮೇಲಿನ ಬಳಕೆ ಇವುಗಳಿಗೆ ಕಾಯಲಿಲ್ಲ. ಬೀಗತನ, ಜಾತ್ರೆ, ಕಬ್ಬಿನ ಗ್ಯಾಂಗು ಹೊಳೆ ದಾಟಿಕೊಂಡೇ ಇವೆ. ಒಂದೇ ಮಾತಿನೊಳಗೆ ಕನ್ನಡದಿಂದ ಮರಾಠಿಗೆ ಹೊರಳುವುದು ಇಲ್ಲಿ ಯಾರಿಗೂ ವಿಶೇಷವಲ್ಲ. ಎರಡೂ ಕಡೆ ಜೈನ ಒಕ್ಕಲುತನದ ಮನೆಗಳು ಹೆಚ್ಚು; ದಿಗಂಬರ ಮುನಿ ಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರ ಊರು ಭೋಜ ಇದೇ ಸೀಮೆಯಲ್ಲಿ, ವೇದಗಂಗಾ–ದೂಧಗಂಗಾ ಕೂಡುವಲ್ಲಿದೆ.

ಇನ್ನು ಗುಡಿ. ಖಿದ್ರಾಪುರದ ಕೋಪೇಶ್ವರ ದೇವಾಲಯ 12ನೇ ಶತಮಾನದ ಶಿಲಾಹಾರರ ಕಾಲದ್ದು. ಅಲ್ಲಿ ಹತ್ತು–ಹನ್ನೆರಡು ಶಾಸನಗಳಿದ್ದು, ಒಂದನ್ನು ಬಿಟ್ಟರೆ ಉಳಿದವೆಲ್ಲ ಕನ್ನಡದವು. ಆ ಒಂದು, ದಕ್ಷಿಣ ಬಾಗಿಲ ಪಕ್ಕದ ಹೊರಗೋಡೆಯಲ್ಲಿರುವ ಯಾದವ ಇಮ್ಮಡಿ ಸಿಂಘಣನ ಸಂಸ್ಕೃತ ಶಾಸನ. ಅದರ ಲಿಪಿ ನಾಗರಿ. ‘ಮಹಾರಾಷ್ಟ್ರದ ಗುಡಿಗೆ ಕನ್ನಡ ಹೇಗೆ ಬಂತು’ ಎಂದು ನೀವು ಕೇಳಿದ್ದೀರಿ. ಪ್ರಶ್ನೆಯೇ ತಿರುವುಮುರುವಾಗಿದೆ. ಕೊಲ್ಹಾಪುರದ ಶಿಲಾಹಾರರ ಆಡಳಿತದಲ್ಲಿ ಕನ್ನಡ ಬರೆಯುವುದು ರೂಢಿಯಾಗಿತ್ತು; ‘ಮಹಾರಾಷ್ಟ್ರದ ಗುಡಿ’ ಎಂಬ ವಿಳಾಸವೇ ಎಂಟು ಶತಮಾನ ತಡವಾಗಿ ಬಂದದ್ದು. 1054ರಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಮಡಿದ ಕೊಪ್ಪಂ ಕದನ ನಡೆದದ್ದು ಇಲ್ಲೇ ಎಂದು ಹೇಳುವವರಿದ್ದಾರೆ. ನಮ್ಮ ಕೊಪ್ಪಳ ಎನ್ನುವವರೂ ಇದ್ದಾರೆ. ಆ ಜಗಳಕ್ಕೆ ನಾವು ಇಳಿಯುವುದಿಲ್ಲ.

ಗುಡಿಯಲ್ಲಿ ನಂದಿ ಇಲ್ಲ. ದಕ್ಷನ ಯಜ್ಞಕ್ಕೆ ಸತಿ ನಂದಿಯನ್ನೇರಿ ಹೋದಳು, ಹಾಗಾಗಿ ಶಿವ ಇಲ್ಲಿ, ನಂದಿ ಯಡೂರಿನಲ್ಲಿ ಎಂದು ಸ್ಥಳಪುರಾಣ. ಯಡೂರಿನ ದೊಡ್ಡ ದೈವ ವೀರಭದ್ರ, ಅಂದರೆ ಆ ಯಜ್ಞವನ್ನು ಕೆಡಿಸಿದವನೇ. ಸಿಟ್ಟಾದ ಶಿವನನ್ನು ವಿಷ್ಣು ತಣಿಸಿದ್ದಕ್ಕೆ ಗರ್ಭಗುಡಿಯಲ್ಲಿ ಕೋಪೇಶ್ವರನ ಪಕ್ಕದಲ್ಲೇ ಧೋಪೇಶ್ವರನಿದ್ದಾನೆ. ಕಥೆ ಪೂರ್ತಿಯಾಗಬೇಕಾದರೆ ಎರಡು ರಾಜ್ಯ ಸುತ್ತಬೇಕು!

ನೋಡಲೇಬೇಕಾದದ್ದು ಮುಂದಿನ ಸ್ವರ್ಗಮಂಟಪ. 48 ಕಂಬಗಳ ಈ ಮಂಟಪಕ್ಕೆ ನಡುವೆ ಚಾವಣಿ ಇಲ್ಲ, ಸುಮಾರು 13 ಅಡಿ ಅಗಲದ ದುಂಡನೆಯ ಬಯಲು. ಅದರ ನೇರ ಕೆಳಗೆ ನೆಲದಲ್ಲಿ ಅಷ್ಟೇ ದುಂಡನೆಯ ಕಲ್ಲುಹಾಸು, ಸುತ್ತ 12 ಕಂಬ. ಕಾರ್ತಿಕ ಹುಣ್ಣಿಮೆಯ ನಡುರಾತ್ರಿ ಚಂದ್ರ ಈ ಬಯಲಿನ ನೆತ್ತಿಗೆ ಬರುತ್ತಾನೆ ಎಂದು ಜನ ಸೇರುತ್ತಾರೆ. ಪವಾಡವೆಂದು ಹೇಳುವವರುಂಟು, ಲೆಕ್ಕ ಮಾತ್ರ ಸರಳ. ಊರು ಇರುವುದು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನವೆಂಬರಿನಲ್ಲಿ ಸೂರ್ಯ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ, ಅವನಿಗೆ ಎದುರಾಗಿರುವ ಹುಣ್ಣಿಮೆ ಚಂದ್ರ ಉತ್ತರಕ್ಕೆ. ಹಾಗಾಗಿ ಚಂದ್ರ ನೆತ್ತಿಯ ಹತ್ತಿರವೇ ಹಾಯುತ್ತಾನೆ. ಚಂದ್ರನ ಹಾದಿ ಸೂರ್ಯನ ಹಾದಿಗಿಂತ 5 ಡಿಗ್ರಿಯಷ್ಟು ಓರೆಯಾಗಿರುವುದರಿಂದ ಎಲ್ಲ ವರ್ಷವೂ ಗುರಿ ಅಷ್ಟು ನೇರವಾಗಿ ಬೀಳುವುದಿಲ್ಲ.

ಮೂರನೆಯದು ಪ್ರವಾಹ. ಇಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಕಡೆ: ಊರಿನ ಆಕಾಶ ನೋಡುತ್ತಾರೆ. ಕಾಗವಾಡ ಸೀಮೆ ಮಳೆನೆರಳಿನಲ್ಲಿದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಮಿಕ್ಕಿ ಸುರಿದರೆ ಇಲ್ಲಿ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಆ ನೀರು ಕರಾಡದಲ್ಲಿ ಕೊಯ್ನಾ, ಸಾಂಗ್ಲಿ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಸೇರಿಸಿಕೊಂಡು ರಾಜಾಪುರ ಬಾಂದಾರ (ಹೊಳೆಗೆ ಅಡ್ಡ ಕಟ್ಟಿದ ಒಡ್ಡು) ದಾಟಿ ನಮ್ಮೊಳಗೆ ಬರುತ್ತದೆ. ಆದ್ದರಿಂದ ಜುಗೂಳದವರು ಮೊದಲು ಕೇಳಬೇಕಾದದ್ದು ಸಾಂಗ್ಲಿಯ ಇರ್ವಿನ್ ಸೇತುವೆಯ ಮಟ್ಟ (ಎಚ್ಚರಿಕೆ 40 ಅಡಿ, ಅಪಾಯ 45) ಮತ್ತು ಕೊಲ್ಹಾಪುರದ ರಾಜಾರಾಮ ಬಾಂದಾರದ ಮಟ್ಟ (39 ಮತ್ತು 43). ಎರಡೂ ಒಟ್ಟಿಗೆ ಏರುತ್ತಿದ್ದರೆ ದನಕರು, ಪಂಪ್‌ಸೆಟ್ಟು ಮೇಲಕ್ಕೆ ಸಾಗಿಸುವ ಹೊತ್ತು ಬಂತೆಂದೇ ಅರ್ಥ.

ಪತ್ರಿಕೆಯಲ್ಲಿ ನೀರಿನ ಹರಿವಿನ ಎರಡು ಅಂಕಿ ಬರುತ್ತವೆ, ಅವನ್ನು ಬೆರೆಸಬೇಡಿ. ರಾಜಾಪುರದ ಅಂಕಿ ಕೃಷ್ಣೆಯದು ಮಾತ್ರ. ಕಲ್ಲೋಳದ ಅಂಕಿಯಲ್ಲಿ ದೂಧಗಂಗೆಯೂ ಸೇರಿದೆ. ಜುಗೂಳ ಇರುವುದು ಕೂಡುವ ಜಾಗಕ್ಕಿಂತ ಮೇಲೆ, ಹಾಗಾಗಿ ಅದರ ಮುಂದೆ ಹಾಯುವುದು ರಾಜಾಪುರದ ನೀರು. ಆದರೆ ದೂಧಗಂಗಾ ಜೋರಾಗಿದ್ದರೆ ಕೆಳಗೆ ದಾರಿ ಕಟ್ಟಿದಂತಾಗಿ ಮೇಲಿನ ನೀರು ಇಳಿಯುವುದು ತಡವಾಗುತ್ತದೆ. ಏರುವುದಕ್ಕೆ ಒಂದು ಕಾರಣ, ಇಳಿಯದಿರುವುದಕ್ಕೆ ಇನ್ನೊಂದು. 2 ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಎಂದರೆ ಎಷ್ಟು? 11,574 ಕ್ಯೂಸೆಕ್ ಒಂದು ದಿನ ಹರಿದರೆ 1 ಟಿಎಂಸಿ (ನೂರು ಕೋಟಿ ಘನ ಅಡಿ); ಅಂದರೆ 2 ಲಕ್ಷಕ್ಕೆ ದಿನಕ್ಕೆ 17 ಟಿಎಂಸಿ ದಾಟುತ್ತದೆ. 105 ಟಿಎಂಸಿಯ ಕೊಯ್ನಾ ಜಲಾಶಯ ಆರೇ ದಿನಕ್ಕೆ ಬರಿದಾಗುವಷ್ಟು. 2005, 2019, 2021ರ ಮಹಾಪೂರಗಳನ್ನು ಈ ಅಳತೆಯಲ್ಲಿ ಯೋಚಿಸಿ. ಆಲಮಟ್ಟಿ ಹಿನ್ನೀರಿನಿಂದಲೇ ಪ್ರವಾಹ ಎಂಬ ವಾದ ಬೇರೆಯೇ ಪತ್ರ ಬೇಡುತ್ತದೆ.

ಕಬ್ಬು ನೀರಲ್ಲಿ ನಿಂತರೆ ಸಾಯುವುದಿಲ್ಲ, ಸುಳಿ ಮುಳುಗಿದರೆ ಸಾಯುತ್ತದೆ. ಕೆಂಪು ರಾಡಿ ಸುಳಿಯೊಳಗೆ ಇಳಿದು ಕೂತರೆ ಒಳಗಿನ ಮೊಳಕೆ ಕೊಳೆಯುತ್ತದೆ. ಹೊಳೆ ಇಳಿದ ಮೇಲೆ ಹೊರಗಿನ ಗರಿ ಹಸಿರಿದ್ದರೂ ಸುಳಿ ಹಿಡಿದು ಎಳೆದು ನೋಡಿ. ಸಲೀಸಾಗಿ ಕಿತ್ತು ಬಂದು ಬುಡ ನಾರಿದರೆ ಆ ಗಳ ಮುಂದೆ ಬೆಳೆಯುವುದಿಲ್ಲ, ಕಣ್ಣಿನಿಂದ ಅಡ್ಡ ಮೊಳಕೆ ಒಡೆದು ತೂಕ ಕಳೆದುಕೊಳ್ಳುತ್ತದೆ.

ಇದೇ ಹೊಳೆ ಬೇಸಿಗೆಯಲ್ಲಿ ಬರಿ ಮಡುಗಳಾಗುತ್ತದೆ. ಕೊಲ್ಹಾಪುರ ಮಾದರಿ ಬಾಂದಾರಗಳ ಕಂಬಗಳಲ್ಲಿ ಕೊರೆದ ಸೀಳಿನಲ್ಲಿ ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸುತ್ತಾರೆ, ಮುಂಗಾರಿಗೆ ಮುಂಚೆ ತೆಗೆಯುತ್ತಾರೆ. ಬೇಗ ಇಳಿಸಿದರೆ ಹಿಂಗಾರಿನ ರಭಸ ಹಲಗೆಗಳ ಮೇಲೆ ಬೀಳುತ್ತದೆ, ತಡವಾಗಿ ಇಳಿಸಿದರೆ ನಿಲ್ಲಬೇಕಾದ ನೀರು ಹೋಗಿಬಿಟ್ಟಿರುತ್ತದೆ. ತೆಗೆಯುವುದು ತಡವಾದರಂತೂ ಮೊದಲ ನೀರಿನ ಗಿಡಗಂಟಿ ಸಿಕ್ಕಿಕೊಂಡು ಪ್ರವಾಹ ಪಕ್ಕದ ದಡವನ್ನೇ ಕೊರೆಯುತ್ತದೆ.

ಕೊನೆಯದು ಉತಾರ. ಕರ್ನಾಟಕದಲ್ಲಿ ಅದು ಪಹಣಿಯಾದರೂ ಬೆಳಗಾವಿ ಕಡೆ ಬಾಯಲ್ಲಿ ಇನ್ನೂ ಉತಾರವೇ. ನಮ್ಮ ಪಹಣಿಯಲ್ಲಿ ಎಕರೆ–ಗುಂಟೆ, ಅವರ ಸಾತ್‌ಬಾರಾ ಉತಾರದಲ್ಲಿ ಹೆಕ್ಟೇರ್–ಆರ್. ಒಂದು ಆರ್ 100 ಚದರ ಮೀಟರ್, ಒಂದು ಗುಂಟೆ 101.17, ಇವೆರಡೂ ಇಷ್ಟು ಹತ್ತಿರ ಇರುವುದೇ ಗೊಂದಲದ ಮೂಲ. ಆರ್ ಅನ್ನು ಗುಂಟೆ ಎಂದರೆ ನಡೆಯುತ್ತದೆ, ಹೆಕ್ಟೇರನ್ನು ಎಕರೆ ಎಂದರೆ ನಡೆಯುವುದಿಲ್ಲ. ನಿಮ್ಮ ‘0.80’ ಅಂದರೆ 80 ಆರ್, 79 ಗುಂಟೆ, ಅಂದರೆ 1 ಎಕರೆ 39 ಗುಂಟೆ. ಅದನ್ನು 32 ಗುಂಟೆ ಎಂದು ಓದಿ ಮಾತಿಗೆ ಕೂತರೆ ಹೊಲದ ಅರ್ಧಕ್ಕಿಂತ ಹೆಚ್ಚು ಕಾಗದದ ಮೇಲೇ ಹೋಯಿತು. ಕೆಳಗಿನ ‘ಪೋಟಖರಾಬ’ ಸಾಲನ್ನೂ ನೋಡಿ: ಹೊಳೆದಂಡೆಯ ಹೊಲಗಳಲ್ಲಿ ಉಳುಮೆಗೆ ಬಾರದ ನೆಲ ಅಲ್ಲಿ ಬೇರೆಯಾಗಿ ದಾಖಲಾಗಿರುತ್ತದೆ.

ಹೋಗಿ ಬರುವುದಾದರೆ ಜುಗೂಳಕ್ಕೆ ಶೇಡಬಾಳ ಅಥವಾ ಉಗಾರ ಖುರ್ದ ರೈಲು ನಿಲ್ದಾಣದಲ್ಲಿ ಇಳಿಯಿರಿ. ಖಿದ್ರಾಪುರಕ್ಕೆ ರಸ್ತೆ ಕುರುಂದವಾಡದ ಮೂಲಕ. ಜುಲೈ, ಆಗಸ್ಟ್ ಬೇಡ.